ನೀಲಿಯಾದ ಇಡ್ಲಿ

ಪ್ರಣಮ್ಯಾ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತಿದ್ದಳು. ಎದುರಿಗೆ ಸ್ಟೀಲ್ ತಟ್ಟೆ, ಅದರಲ್ಲಿ ಒಂದು ಇಡ್ಲಿ. ಕೈಯಲ್ಲಿ ಗಾಯಕ್ಕೆ ಹಚ್ಚುವ ಐಯೋಡಿನ್ ಬಾಟಲಿ.

“ಬಣ್ಣ ಬದಲಾಗಬಾರದು ದೇವರೇ, ಬದಲಾಗಬಾರದು” ಎನ್ನುತ್ತಲೇ ಒಂದು ಹನಿ ಹಾಕಿದಳು.

ಕಂದು ಹನಿ ಬಿದ್ದದ್ದೇ ತಡ, ಇಡ್ಲಿಯ ಮೇಲೆ ಕಡು ನೀಲಿ ಹರಡಿತು. ನೋಡನೋಡುತ್ತ ಕಪ್ಪಾಯಿತು, ಶಾಯಿ ಚೆಲ್ಲಿದ ಹಾಗೆ.

ಹಾಗಾದರೆ ವಿಡಿಯೋದ ಆ ಅಂಕಲ್ ಹೇಳಿದ್ದು ನಿಜ. ಇಡ್ಲಿಯಲ್ಲಿ ವಿಷ ಇದೆ. ಅದೂ ಅಪ್ಪನ ಹೋಟೆಲಿನ ಇಡ್ಲಿಯಲ್ಲಿ!

ವಿಡಿಯೋದ ಲಿಂಕ್ ಬಂದದ್ದು ನಿನ್ನೆ ಸಂಜೆ, ಮನೆಯವರ ಗ್ರೂಪಿಗೆ. ಕಳಿಸಿದವರು ಸುಮತಿ ಚಿಕ್ಕಮ್ಮ. “ಮಕ್ಕಳಿರುವವರು ತಪ್ಪದೆ ನೋಡಿ. ಹೋಟೆಲ್ ಇಡ್ಲಿ ತಿನ್ನಬೇಡಿ” ಎಂದು ಬರೆದಿದ್ದರು. ಈ ತಮಿಳು ಊರಿನ ಸೌಕಾರ್‌ಪೇಟೆಯಲ್ಲಿ ಅಕ್ಕ-ಭಾವ ನಡೆಸುವುದು ಇಡ್ಲಿಯ ಹೋಟೆಲೇ ಎಂಬುದು ಆ ಗಳಿಗೆಯಲ್ಲಿ ಅವರಿಗೆ ಮರೆತೇ ಹೋಗಿರಬೇಕು. ಅಪ್ಪ-ಅಮ್ಮನಿಗೆ ಫೋನ್ ನೋಡಲು ಪುರುಸೊತ್ತಿರಲಿಲ್ಲ. ನೋಡಿದವಳು ಪ್ರಣಮ್ಯಾ ಒಬ್ಬಳೇ.

ಬಿಳಿ ಕೋಟು ಹಾಕಿದ ಅಂಕಲ್ ತಮಿಳಿನಲ್ಲಿ ಮೆತ್ತಗೆ ಮಾತಾಡುತ್ತಿದ್ದರು. ಹೋಟೆಲ್ ಇಡ್ಲಿ ಅಷ್ಟು ಬೆಳ್ಳಗಿರುವುದು ಕೆಮಿಕಲ್‌ನಿಂದಂತೆ. ಐಯೋಡಿನ್ ಹಾಕಿದಾಗ ನೀಲಿಯಾದರೆ ಅದು ವಿಷವಂತೆ. “ಮಕ್ಕಳಿಗೆ ಮೊದಲು ಜ್ವರ ಬರುತ್ತೆ. ಆಮೇಲೆ...” ಎಂದು ಅವರು ನಿಧಾನವಾಗಿ ತಲೆಯಾಡಿಸಿದಾಗ, ಪ್ರಣಮ್ಯಾ ಹೆದರಿ ವಿಡಿಯೋ ಬಂದ್ ಮಾಡಿದ್ದಳು.

ಅವಳ ತಮ್ಮ ಸಂದೇಶನಿಗೆ ಮೊನ್ನೆಯಿಂದ ಜ್ವರ. ಡಾಕ್ಟರ್ ಹೇಳಿದ್ದರಿಂದ ಅವನು ಬರೀ ಇಡ್ಲಿಯನ್ನೇ ತಿನ್ನುತ್ತಿದ್ದ.

“ಪ್ರಣೂ! ಎಲ್ಲಿದ್ದೀ ಮಾರಾಯ್ತಿ?” ಕೆಳಗಿನಿಂದ ಅಮ್ಮನ ದನಿ. “ಪುಟ್ಟನಿಗೆ ಇಡ್ಲಿ ತಾ ಅಂದು ಎಷ್ಟೊತ್ತಾಯ್ತು!”

ಪ್ರಣಮ್ಯಾ ತಟ್ಟೆಯನ್ನು ಟ್ಯಾಂಕಿನ ಹಿಂದೆ ತಳ್ಳಿ, ಬಾಟಲಿಯನ್ನು ಜೇಬಿಗಿಳಿಸಿ ಓಡಿದಳು.

“ಇಡ್ಲಿ... ಖಾಲಿಯಾಯ್ತಂತೆ ಅಮ್ಮ.”

“ಬೆಳ್‌ಬೆಳಿಗ್ಗೆ ಖಾಲಿಯಾಗ್ಲಿಕ್ಕೆ ಅದೇನು ಮ್ಯಾಜಿಕ್ ಶೋವಾ? ಇನ್ನೊಂದು ಈಡು ಬೇಯ್ತಾ ಉಂಟು. ಹೋಗು, ತಾ.”

ಸಂದೇಶ ಹಾಸಿಗೆಯಿಂದಲೇ ಹೊಟ್ಟೆ ಒತ್ತಿಕೊಂಡು, “ಪಸಿಕ್ಕುದು ಅಕ್ಕಾ” ಎಂದ. ಹಸಿವಾದಾಗ ಅವನ ಬಾಯಿಗೆ ಮೊದಲು ಬರುವುದು ತಮಿಳೇ.

ಪ್ರಣಮ್ಯಾಳಿಗೆ ಅಳು ಬಂತು. ಇಡ್ಲಿ ಕೊಟ್ಟರೆ ವಿಷ. ಕೊಡದಿದ್ದರೆ ತಮ್ಮ ಉಪವಾಸ.

ಮನೆಯ ಕೆಳಗೇ ಹೋಟೆಲು. ಮೇಜುಗಳೆಲ್ಲ ತುಂಬಿದ್ದವು. ಬಾಗಿಲ ಹತ್ತಿರ ಒಬ್ಬ ಹೆಂಗಸು ಇಡ್ಲಿಯನ್ನು ಬೆರಳಲ್ಲಿ ನುರಿದು ಮಡಿಲಿನ ಕೂಸಿಗೆ ತಿನ್ನಿಸುತ್ತಿದ್ದಳು. ಪ್ರಣಮ್ಯಾ ಮುಖ ತಿರುಗಿಸಿದಳು. ಇವರಲ್ಲಿ ಯಾರಾದರೂ ಆ ವಿಡಿಯೋ ನೋಡಿದರೆ? ಪೊಲೀಸರು ಬಂದರೆ? ಇಷ್ಟಕ್ಕೂ, ಅಪ್ಪನಿಗೆ ಗೊತ್ತಿದ್ದೇ...?

ಆ ಪ್ರಶ್ನೆಯನ್ನು ಪೂರ್ತಿ ಕೇಳಿಕೊಳ್ಳಲು ಅವಳಿಗೆ ಧೈರ್ಯವಾಗಲಿಲ್ಲ.

ಅಡುಗೆಯ ಪಂಢರಿನಾಥಣ್ಣ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರು. ಹಬೆ ಭುಸ್ಸೆಂದು ಮೇಲೆದ್ದಿತು. “ಪುಟ್ಟನಿಗಾ ಪಾಪಾ? ನಿಲ್ಲು” ಎಂದು ಎರಡು ಇಡ್ಲಿ ತೆಗೆದು, ಊದಿ ಊದಿ ಮೇಲಿನ ಸಿಪ್ಪೆಯನ್ನು ಬಿಡಿಸತೊಡಗಿದರು. ಸಂದೇಶನಿಗೆ ಸಿಪ್ಪೆ ಸೇರದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರಾಗಿಯೇ ಗಮನಿಸಿದ್ದರು.

ಅಷ್ಟರಲ್ಲಿ ಅಪ್ಪ ಬಂದರು. ಬೇಯಿಸಿ ಇಳಿಸಿದ ಪ್ರತಿ ಈಡಿನ ಮೊದಲ ಇಡ್ಲಿಯನ್ನು ಅಪ್ಪನೇ ತಿಂದು ನೋಡಬೇಕು. ಆಮೇಲೆಯೇ ಅದು ಗಿರಾಕಿಗಳ ಎಲೆಗೆ. ಅದು ಅಜ್ಜನ ಕಾಲದ ಕ್ರಮ. ಅಪ್ಪ ಇಡ್ಲಿ ಮುರಿದು ಬಾಯಿಯ ಹತ್ತಿರ ತಂದರು.

“ಅಪ್ಪಾ, ಬೇಡ! ತಿನ್ಬೇಡಿ!”

ಮೇಜುಗಳಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೂಸಿನ ತಾಯಿ ಏನಾಯಿತೆಂದು ಗಾಬರಿಯಾಗಿ, “ಎನ್ನಮ್ಮಾ ಆಚ್ಚು?” ಎಂದು ಕೇಳಿದಳು.

ಅಪ್ಪ ಮಗಳ ಮುಖ ನೋಡಿದರು. ಗದರಲಿಲ್ಲ. ಕೈಯಲ್ಲಿದ್ದ ಇಡ್ಲಿಯನ್ನು ಎಲ್ಲರೆದುರೇ ತಿಂದು ಮುಗಿಸಿ, “ಬಾ ಮಗಾ, ಮೇಲೆ ಹೋಗುವ” ಎಂದು ಅವಳ ಕೈ ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿ ಪುಟ್ಟನ ತಟ್ಟೆ ಇತ್ತು.

ತಾರಸಿಯಲ್ಲಿ ಪ್ರಣಮ್ಯಾ ಬಿಕ್ಕುತ್ತ ಎಲ್ಲವನ್ನೂ ಹೇಳಿದಳು. ಕಪ್ಪಾದ ಇಡ್ಲಿಯನ್ನೂ ತೋರಿಸಿದಳು. ಅಪ್ಪ ಬಿಸಿ ಇಡ್ಲಿಯ ಒಂದು ಚೂರು ಮುರಿದಿಟ್ಟು ತಾವೇ ಹನಿ ಹಾಕಿದರು. ಅದೂ ನೀಲಿಯಾಯಿತು. ಅಪ್ಪನ ಮುಖ ಬಾಡಿತು.

“ಅಕ್ಕಿ, ಉದ್ದು, ಉಪ್ಪು. ಇಷ್ಟೇ ಮಗಾ ನಾವು ಹಾಕುವುದು. ಇದು ಹೀಗೆ ಯಾಕೆ ಆಗ್ತದೆ ಅಂತ ನಂಗೂ ಗೊತ್ತಿಲ್ಲ.”

ಅಪ್ಪನಿಗೂ ಗೊತ್ತಿಲ್ಲ! ಪ್ರಣಮ್ಯಾಳ ಹೆದರಿಕೆ ಇಮ್ಮಡಿಯಾಯಿತು.

“ಎಂತದು ಅಪ್ಪ-ಮಗಳ ಮೀಟಿಂಗು? ಅಲ್ಲಿ ಮಗು ಹಸಿದು ಅಳ್ತಾ ಉಂಟು!” ಅಮ್ಮ ಮೆಟ್ಟಿಲು ಹತ್ತಿ ಬಂದವಳೇ, “ಐಯೋಡಿನ್ ಯಾಕೆ? ಯಾರಿಗೆ ಗಾಯ ಆಯ್ತು?” ಎಂದು ಬಾಟಲಿಗೆ ಕೈ ಹಾಕಿದಳು. ಮುಚ್ಚಳ ಸಡಿಲವಾಗಿತ್ತು. ಅಮ್ಮನ ಸೆರಗಿನ ಮೇಲೆ ನಾಲ್ಕು ಹನಿ, ಅಪ್ಪನ ಹೆಗಲ ಬೈರಾಸಿನ ಮೇಲೆ ನಾಲ್ಕು ಹನಿ.

“ಅಯ್ಯೋ, ನನ್ನ ಸೀರೆ!”

ಪ್ರಣಮ್ಯಾ ಕಣ್ಣರಳಿಸಿದಳು. ಬೈರಾಸಿನ ಮೇಲೆ ಬಿದ್ದ ಹನಿ ಕಂದಾಗಿಯೇ ಇತ್ತು. ಸೆರಗಿನ ಮೇಲೆ ಬಿದ್ದದ್ದು ನೀಲಿಯಾಗಿತ್ತು. ಥೇಟ್ ಇಡ್ಲಿಯ ಹಾಗೆ!

“ಅಮ್ಮ, ನಿನ್ನ ಸೀರೆಗೆ ಎಂತ ಹಾಕಿದ್ದೀ?”

“ಎಂತ ಹಾಕ್ತಾರೆ? ಅನ್ನ ಬಸಿದ ಗಂಜಿ ಹಾಕಿ ಒಣಗಿಸಿದ್ದು.”

“ಅಪ್ಪನ ಬೈರಾಸಿಗೆ?”

“ಬೆವರು ಒರೆಸುವ ಬಟ್ಟೆಗೆ ಯಾರಾದ್ರೂ ಗಂಜಿ ಹಾಕ್ತಾರಾ? ನಿಂಗೆ ತಲೆ ಸರಿ ಉಂಟಾ?”

ಪ್ರಣಮ್ಯಾ ಅಮ್ಮನ ಕೈಯಿಂದ ಬಾಟಲಿ ಕಿತ್ತುಕೊಂಡು ಅಡುಗೆಮನೆಗೆ ಓಡಿದಳು. ಡಬ್ಬಿಯಿಂದ ಹಸಿ ಅಕ್ಕಿ ತೆಗೆದು, ಒರಳಿನಲ್ಲಿ ಕುಟ್ಟಿ ಒಂದು ಹನಿ ಹಾಕಿದಳು. ನೀಲಿ! ಅಕ್ಕಿಗೆ ಯಾರೂ ಏನೂ ಬೆರೆಸಿರಲಿಲ್ಲ. ಅಕ್ಕಿಯೊಳಗಿನ ಗಂಜಿಯೇ ನೀಲಿಯಾಗುತ್ತಿತ್ತು.

ಹಿಂದೆಯೇ ಬಂದ ಅಪ್ಪ ಒಂದು ದೊಡ್ಡ ಉಸಿರು ಬಿಟ್ಟು ಅಲ್ಲೇ ನೆಲದ ಮೇಲೆ ಕೂತರು.

“ಆ ಅಂಕಲ್‌ಗೆ ಇದು ಗೊತ್ತಿಲ್ವಾ ಅಪ್ಪಾ?”

“ನೋಡುವ. ಫೋನ್ ತಾ.”

ಈ ಸಲ ವಿಡಿಯೋ ‘ಆಮೇಲೆ’ಯನ್ನು ದಾಟಿ ಮುಂದೆ ಹೋಯಿತು. ಅಂಕಲ್ ನಗುತ್ತ ಒಂದು ಪ್ಯಾಕೆಟ್ ಎತ್ತಿ ಹಿಡಿದರು. ಇಡ್ಲಿ ಹಿಟ್ಟು! ಪ್ಯಾಕೆಟ್ ಮೇಲೆ ಅವರದೇ ಫೋಟೋ. “ನಮ್ಮ ಹಿಟ್ಟು ಪರಮ ಶುದ್ಧ. ಇವತ್ತೇ ಆರ್ಡರ್ ಮಾಡಿ.”

ಪ್ರಣಮ್ಯಾ ಹಿಂದಕ್ಕೆ ಎಳೆದು ಮತ್ತೆ ನೋಡಿದಳು. ಹೋಟೆಲ್ ಇಡ್ಲಿಗೆ ಹನಿ ಬಿತ್ತು. ತಳ್ಳುಗಾಡಿಯ ಇಡ್ಲಿಗೂ ಬಿತ್ತು. ಪ್ಯಾಕೆಟ್ ಬರುವಾಗ ಮೇಜೆಲ್ಲ ಚೊಕ್ಕಟವಾಗಿತ್ತು. ಐಯೋಡಿನ್ ಬಾಟಲಿ ಅಲ್ಲಿರಲೇ ಇಲ್ಲ.

“ಅವರದ್ದಕ್ಕೆ ಮಾತ್ರ ಹಾಕ್ಲೇ ಇಲ್ಲ” ಎಂದಳು ಮೆಲ್ಲಗೆ.

ಅಮ್ಮ ಸೊಂಟಕ್ಕೆ ಕೈಯಿಟ್ಟಳು. “ಸುಮತಿಗೆ ಈಗ್ಲೇ ಫೋನ್ ಮಾಡಿ ಬೈತೇನೆ.”

“ಬೈಬೇಡ ಸರಸ” ಎಂದರು ಅಪ್ಪ. “ಅವಳು ಹೆದರಿ ಕಳಿಸಿದ್ದು. ಮಕ್ಕಳಿಗೆ ಏನಾದ್ರೂ ಆದೀತು ಅಂತ.”

ಪ್ರಣಮ್ಯಾ ಪಂಢರಿನಾಥಣ್ಣ ಸಿಪ್ಪೆ ಬಿಡಿಸಿದ್ದ ಇಡ್ಲಿಯನ್ನು ತುಪ್ಪದಲ್ಲಿ ಕಲಸಿ ತಮ್ಮನ ಬಾಯಿಗಿಟ್ಟಳು. ಸಂದೇಶ ಗುಳಕ್ಕನೆ ನುಂಗಿ ಮತ್ತೆ ಬಾಯಿ ತೆರೆದ.

ಪಕ್ಕದಲ್ಲಿದ್ದ ಫೋನಿನಲ್ಲಿ ಇನ್ನೊಂದು ವಿಡಿಯೋ ತಾನಾಗಿಯೇ ಶುರುವಾಯಿತು. ಅದೇ ಅಂಕಲ್, ಅದೇ ಬಿಳಿ ಕೋಟು. ಈಗ ಮುಂದೆ ಒಂದು ಬಟ್ಟಲು ಮೊಸರು. “ಈ ಮೊಸರು ತಿಂದ ಮಕ್ಕಳಿಗೆ ಏನಾಗುತ್ತೆ ಗೊತ್ತಾ?”

ಪ್ರಣಮ್ಯಾಳ ಮಧ್ಯಾಹ್ನದ ಡಬ್ಬಿಯಲ್ಲಿ ದಿನಾ ಮೊಸರನ್ನವೇ!

ಒಂದು ಕ್ಷಣ ಆ ಮುಖವನ್ನೇ ನೋಡಿದಳು. ಆಮೇಲೆ ತುಪ್ಪದ ಬೆರಳನ್ನು ಲಂಗಕ್ಕೆ ಒರೆಸಿಕೊಂಡು ವಿಡಿಯೋವನ್ನು ಕೊನೆಯವರೆಗೆ ಎಳೆದಳು, ಅಂಕಲ್ ಕೈಯಲ್ಲಿ ಈ ಸಲ ಏನಿದೆ ಎಂದು ನೋಡಲು.