ಓಟ್ಸ್ ಡಬ್ಬದ ಮುಚ್ಚಳ

ಟಕ್.

ಅಡುಗೆಮನೆಯಲ್ಲಿ ಡಬ್ಬದ ಮುಚ್ಚಳ ಬಿಚ್ಚಿದ ಸದ್ದು. ಮನೆಯೆಲ್ಲ ಮಲಗಿದ ಮೇಲೆ ಕೇಳಿದ್ದಕ್ಕೋ ಏನೋ, ಥಟ್ಟನೆ ಎಚ್ಚರವಾಯಿತು. ಪಕ್ಕಕ್ಕೆ ಕೈಯಾಡಿಸಿದೆ. ಇವರಿರಲಿಲ್ಲ.

ಆಮೇಲೆ ಪಿಸುದನಿ. ಫೋನಿಗೆ ವಾಯ್ಸ್ ಮೆಸೇಜ್ ಹೇಳುತ್ತಿದ್ದರು: "ಅವಳಿಗೆ ಮಾತ್ರ ಗೊತ್ತಾಗಬಾರದು, ಮೇಡಂ."

ಮೇಡಂ! ಇವರು ಹಾಗೆ ಕರೆಯುವುದು ಒಬ್ಬಳನ್ನೇ, ಕೆಳಮನೆಗೆ ಬಂದಿರುವ ಡಯಟೀಷಿಯನ್ ಹುಡುಗಿಯನ್ನು. ಮೆಟ್ಟಿಲ ಬಳಿ ಇಬ್ಬರಿಗೂ ಮುಗಿಯದ ಮಾತು. ನಾನು ಅರ್ಧ ಮೆಟ್ಟಿಲಲ್ಲಿ ನಿಂತು, ಉಸಿರು ತಂದುಕೊಂಡು, ಹತ್ತಿ ಬರುವಷ್ಟರಲ್ಲಿ ಮಾತು ನಿಂತಿರುತ್ತಿತ್ತು. ಅವಳದು ಹೆಗಲು ತುಂಬುವ ಗುಂಗುರು ಕೂದಲು. ನನ್ನದು ಈಚೆಗೆ ತಲೆಗಿಂತ ಬಾಚಣಿಗೆಯಲ್ಲೇ ಹೆಚ್ಚು.

ಇವರದು ಕನ್ನಡಕದ ಅಂಗಡಿ. ಊರವರ ಕಣ್ಣನ್ನೆಲ್ಲ ಸರಿಮಾಡುವ ಮನುಷ್ಯ ಬೆಳಿಗ್ಗೆ ನನಗೆ ಕಣ್ಣು ಕೊಟ್ಟು ಮಾತಾಡಲಿಲ್ಲ.

ನಾನು ಅಳಲಿಲ್ಲ. ಭಾನುವಾರ ಅವಳನ್ನೇ ತಿಂಡಿಗೆ ಕರೆದೆ. ಎದುರಿಗೆ ಕೂರಿಸಿಕೊಂಡೇ ನೋಡಿಬಿಡೋಣ ಎಂದು.

"ಮೊದಲೇ ಹೇಳಬಾರದಾ ನೀನು?" ಇವರ ಮುಖ ಬಿಳುಚಿತು.

"ಯಾಕ್ರೀ, ತೊಂದರೆ ಆಯ್ತಾ?"

ತಟ್ಟೆಗಳಿಗೆ ಬೇಯಿಸಿದ ಮೊಟ್ಟೆ ಹಾಕಿದೆ. ನನ್ನ ಪಾಲಿನದು ಎಂದಿನಂತೆ ಅತ್ತೆಯ ತಟ್ಟೆಗೆ ಹೋಯಿತು.

"ನಿನಗೆ?" ಎಂದರು ಅತ್ತೆ.

"ನಾನೇನು ಕುಸ್ತಿಗೆ ಹೋಗ್ಬೇಕಾ ಅತ್ತೆ? ನನಗೆ ಓಟ್ಸ್ ಗಂಜಿ ಸಾಕು."

"ಹಾಗಾದ್ರೆ ನನಗೂ ಗಂಜೀನೇ ಕೊಡಿ ಅಕ್ಕ," ಎಂದಳು ಅವಳು.

ಮೊದಲ ಚಮಚ ಬಾಯಿಗಿಟ್ಟವಳು ಇವರ ಕಡೆ ನೋಡಿದಳು. ತುಟಿಯಂಚಿನಲ್ಲಿ ನಗು. ಇವರು ತಲೆ ತಗ್ಗಿಸಿದರು, ಕಿವಿ ಕೆಂಪಾಯಿತು. ಮದುವೆಯ ಹೊಸತರಲ್ಲಿ ನನ್ನೆದುರು ಕೆಂಪಾಗುತ್ತಿದ್ದ ಕಿವಿ!

"ಕಣ್ಣಲ್ಲೇ ತಿಂದುಬಿಡ್ತೀಯೇನೇ ಆ ಹುಡುಗೀನ?" ಅತ್ತೆ ನನ್ನನ್ನು ತಿವಿದರು.

ತಟ್ಟೆ ಇಡಲು ಅವಳು ಅಡುಗೆಮನೆಗೆ ಬಂದಾಗ ಬಾಗಿಲಿಗೆ ಅಡ್ಡ ನಿಂತೆ. "ಎಷ್ಟು ದಿನದಿಂದ ನಡೀತಿದೆ ಇದು?"

"ಅಯ್ಯೋ, ಗೊತ್ತಾಗ್ಹೋಯ್ತಾ!" ಅವಳು ನಾಲಿಗೆ ಕಚ್ಚಿಕೊಂಡಳು. "ಆವತ್ತೇ ಹೇಳಿದ್ದೆ ಅವರಿಗೆ, ಶೇಂಗಾಪುಡಿ ಜಾಸ್ತಿ ಸುರಿದ್ರೆ ರುಚಿಯಲ್ಲೇ ಸಿಕ್ಕಿಬೀಳ್ತೀರ ಅಂತ. ಸೋಯಾ ಹಿಟ್ಟು, ಹಾಲಿನ ಪುಡಿ ಆದ್ರೆ ತಿಳಿಯಲ್ಲ."

ನನ್ನ ಕಣ್ಣು ಓಟ್ಸ್ ಡಬ್ಬದ ಕಡೆ ಹೊರಳಿತು.

"ನನ್ನ ಹೆಂಡತಿ ಮೆಟ್ಟಿಲ ಮಧ್ಯ ನಿಂತುಬಿಡ್ತಾಳೆ, ತನ್ನ ಪಾಲಿಂದೆಲ್ಲ ಬೇರೆಯವರಿಗೆ ಬಡಿಸ್ತಾಳೆ, 'ಸೊರಗಿದೀಯ' ಅಂದ್ರೆ ದಿನವಿಡೀ ಅಳ್ತಾಳೆ ಅಂತ ನನ್ನ ತಲೆ ತಿಂದ್ರು ಅಕ್ಕ. ಪ್ರೋಟೀನ್ ಬರೀ ಪೈಲ್ವಾನರಿಗಲ್ಲ, ಕೂತು ಕೆಲಸ ಮಾಡೋರಿಗೂ ಬೇಕು. ಒಮ್ಮೆ ರಕ್ತಪರೀಕ್ಷೆನೂ ಮಾಡಿಸ್ಕೊಳ್ಳಿ." ತಡೆದು ಕೇಳಿದಳು, "ಅಲ್ಲ, ನೀವೇನು ಅಂದ್ಕೊಂಡಿದ್ರಿ?"

"ಇದನ್ನೇ," ಎಂದೆ. ಸಿಂಕಿನ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡೆ. "ನನಗೆ ತಿಳಿದದ್ದು ಅವರಿಗೆ ಹೇಳಬೇಡ."

ಹಿಂದಿರುಗಿ ಬಂದು ಇವರ ಪಕ್ಕದಲ್ಲೇ ಕುಳಿತೆ. "ಅತ್ತೆ, ಆ ಮೊಟ್ಟೆ ಇತ್ತ ಕೊಡಿ."

"ಕೊಟ್ಟದ್ದನ್ನ ಕಿತ್ಕೊಳ್ತೀಯಾ!"

"ಹಸಿವು ಅತ್ತೆ." ಬಟ್ಟಲನ್ನು ಇವರತ್ತ ಸರಿಸಿದೆ. "ಗಂಜೀನೂ ಇನ್ನೊಂದು ಸೌಟು ಹಾಕ್ರೀ. ಯಾಕೋ ಈಚೆಗೆ ರುಚಿಯಾಗ್ತಿದೆ."

ಇವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಒಂದು ಸೌಟು ಕೇಳಿದರೆ ಎರಡು ಹಾಕಿದರು.

ಆ ರಾತ್ರಿ ಮತ್ತೆ ಟಕ್ ಎಂದಿತು. ನಾನು ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿದೆ. ಬಂದು ಮಲಗಿದವರ ಬೆರಳಲ್ಲಿ ಹುರಿದ ಶೇಂಗಾದ ಪರಿಮಳ. ಆ ಕೈಯನ್ನು ನಿದ್ದೆಯಲ್ಲೆಂಬಂತೆ ಎಳೆದು ಕೆನ್ನೆಯಡಿ ಇಟ್ಟುಕೊಂಡೆ. ನಾನು ಪಟ್ಟ ಅನುಮಾನವನ್ನಾಗಲಿ, ತಿಳಿದ ಗುಟ್ಟನ್ನಾಗಲಿ ಯಾರಿಗೂ ಹೇಳುವುದಿಲ್ಲ, ಇವರಿಗಂತೂ ಇಲ್ಲವೇ ಇಲ್ಲ.