ಎರಡನೇ ಓಟ

ಕೋಳಿಯ ಕತ್ತು ತಿರುಚಿದವಳು ಅಜೆಲಿ. ಇಗರ್ಜಿಯ ಮೆಟ್ಟಿಲ ಮೇಲೆ ಕೂತಿದ್ದ ಮಕ್ಕಳೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ಬಿರುಗಾಳಿಯ ನಂತರ ಓಕ್ ದಿಬ್ಬದಲ್ಲಿ ಉಳಿದಿದ್ದ ಕೊನೆಯ ಕೋಳಿ ಅದು. ಅದಿಟ್ಟ ಮೊಟ್ಟೆ ಯಾವ ಮಗುವಿಗೆ ಸೇರಬೇಕೆಂದು ನಿನ್ನೆಯೂ ತಾಯಂದಿರು ಜುಟ್ಟು ಹಿಡಿದು ಜಗಳವಾಡಿದ್ದರು.

“ಸಾರು ಮಾಡಿದ್ರೆ ಎಲ್ಲರಿಗೂ ಒಂದೊಂದು ಗುಟುಕಾದ್ರೂ ಸಿಕ್ತಿತ್ತು,” ಎಂದಳು ಕೋಳಿಯ ಒಡತಿ ಯೂಫ್ರೋಸಿನ್ ಅಜ್ಜಿ. “ಮೀನಿಗೆ ಹಾಕ್ತೀವಿ ಅಂತೀರಲ್ಲ, ಮೀನು ತಿಂದ್ಕೊಂಡು ಹೋದ್ರೆ?”

“ಹೋಗಲ್ಲ ಅಜ್ಜಿ.”

“ನಿನ್ನ ಗಂಡನ ಕೈಗೆ ದಾರ ಕೊಟ್ರೆ ಹೋಗೇ ಹೋಗುತ್ತೆ,” ಎಂದು ಹಿಂದಿನಿಂದ ಒವೀದ್ ಹೇಳಿದ. ಅವನು ಅಜೆಲಿಯ ಅಣ್ಣ. ದೋಣಿಗೆ ಕೊಡಲಿ ಇಡುತ್ತಿದ್ದ ಅಜೆಲಿಯ ಗಂಡ ಜೆನೋನ್‌ಗೆ ಆ ಮಾತು ಕೇಳಿಸಿತು. ಅವನು ತಲೆಯೆತ್ತಲಿಲ್ಲ.

ಲೂಯಿಸಿಯಾನಾದ ಆ ತಗ್ಗು ನಾಡಿನ ಮೇಲೆ ಸಮುದ್ರ ಉಕ್ಕಿ ಬಂದು ಹೂಮಾ ಬುಡಕಟ್ಟಿನ ಜನರ ಮನೆಗಳನ್ನೆಲ್ಲ ಗುಡಿಸಿಕೊಂಡು ಹೋಗಿತ್ತು. ನಿಂತಿದ್ದದ್ದು ದಿಬ್ಬದ ಮೇಲಿನ ಇಗರ್ಜಿ ಮಾತ್ರ. ಅದರೊಳಗೆ ನಲವತ್ತು ಬಾಯಿ, ಮೂಟೆಯ ತಳದಲ್ಲಿ ಮುಗ್ಗಲು ಹಿಡಿದ ಅಕ್ಕಿ. ರಸ್ತೆ ಕೊಚ್ಚಿಹೋಗಿತ್ತು. ನೆರವು ತರಲು ಹೋದ ಗಂಡಸರು ಮರಳಿರಲಿಲ್ಲ. ಉಳಿದವರು ಮುದುಕರು, ಹೆಂಗಸರು, ಮಕ್ಕಳು, ಮೈಕೈ ಮುರಿದುಕೊಂಡವರು. ದೋಣಿ ಎಂದು ಇದ್ದದ್ದು ಜೆನೋನ್‌ನ ಚಪ್ಪಟೆ ತಳದ ಹಳೆಯ ದೋಣಿ.

ಮೀನಿನ ನಾಡಿನಲ್ಲಿ ಮೀನಿರಲಿಲ್ಲ. ಹುಲ್ಲು, ಎಲೆ, ದನಗಳ ಹೆಣ ಎಲ್ಲ ಕೊಳೆತು ಜೌಗಿನ ನೀರು ಕಡುಗಾಫಿಯಂತೆ ಕಪ್ಪಾಗಿ ಉಸಿರು ಕಳೆದುಕೊಂಡಿತ್ತು. ಬೆಕ್ಕುಮೀನು, ಏಡಿ, ಸಿಗಡಿ ಎಲ್ಲ ಸತ್ತು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ನೀರಿನಲ್ಲಿ ಬದುಕಿದ್ದದ್ದು ಗಾರ್ ಒಂದೇ. ಅದು ಮೇಲೆ ಬಂದು ಬಾಯಿ ತೆರೆದು ಗಾಳಿ ಕುಡಿಯುವ ಮೀನು. ಮೊಸಳೆಯ ಮೂತಿ, ಹೆಂಚು ಜೋಡಿಸಿದಂಥ ಗಟ್ಟಿ ಹುರುಪೆ, ಕೆಲವು ಆಳಿಗಿಂತ ಉದ್ದ. ಸತ್ತಮರದ ಕೆರೆಯಲ್ಲಿ ಅವು ಸೇರಿಕೊಂಡಿವೆ, ಗಾಳಿ ಕುಡಿಯುವ ಸದ್ದು ದೂರದವರೆಗೂ ಕೇಳುತ್ತಿದೆ ಎಂದು ಒವೀದ್ ನೋಡಿ ಬಂದಿದ್ದ.

ಬಲೆ, ಬಂದೂಕು, ಈಟಿ ಎಲ್ಲ ಸಮುದ್ರದ ಪಾಲಾಗಿತ್ತು. ಉಳಿದದ್ದು ಒಂದು ಸುರುಳಿ ದಪ್ಪ ದಾರ, ಒಂದಿಷ್ಟು ತಂತಿ, ಕೆಲವು ಕೊಕ್ಕೆ. ಸುತ್ತ ಕೊಳೆತ ಮೀನಿನ ರಾಶಿಯಿರುವಾಗ ಗಾರ್ ಬರಬೇಕಾದರೆ ತಾಜಾ ರಕ್ತದ ವಾಸನೆ ಬೇಕು. ಅದಕ್ಕೇ ಕೋಳಿ.

ಮೂವರೂ ಬೆಳಗಿನ ಬಿಸಿಲಲ್ಲೇ ಹೊರಟರು.

ಬಾಯೂ ಎಂದು ಕರೆಯುವ ಜೌಗು ಕಾಲುವೆಯ ನೀರು ಹರಿಯುವುದನ್ನೇ ಮರೆತಂತಿತ್ತು. ಎರಡೂ ದಡದ ಸೈಪ್ರೆಸ್ ಮರಗಳಲ್ಲಿ ಎಲೆ ಇರಲಿಲ್ಲ. ಎಲೆಯ ಬದಲು ಹರಿದ ಬಟ್ಟೆ, ತಗಡಿನ ಚೂರು, ಯಾರದೋ ಕುರ್ಚಿ ನೇತಾಡುತ್ತಿದ್ದವು. ಒಂದು ಕವಲಿನಲ್ಲಿ ಹಸುವೊಂದು ಮನುಷ್ಯರ ತಲೆಗಿಂತ ಎಷ್ಟೋ ಮೇಲೆ ಸಿಕ್ಕಿಹಾಕಿಕೊಂಡು ಸತ್ತಿತ್ತು. ರಣಹದ್ದುಗಳು ಅದನ್ನು ಬಿಟ್ಟು ಏಳಲೂ ಇಲ್ಲ. ಹೊಟ್ಟೆ ತುಂಬಿದ ಹಕ್ಕಿಗಳಿಗೆ ಭಯವಿರಲಿಲ್ಲ. ನಾತ ಗಂಟಲಿಗೆ ಅಂಟಿಕೊಳ್ಳುತ್ತಿತ್ತು. ಅಜೆಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮುಂದೆ ಕೂತು, ನೀರಿನೊಳಗಿನ ಬೊಡ್ಡೆಗಳನ್ನು ಕೋಲಿನಿಂದ ತಡವುತ್ತಿದ್ದಳು.

“ಬಲಕ್ಕೆ ತಿರುಗ್ಸಿ! ಬಲಕ್ಕೆ!”

ಹೇಳುವಷ್ಟರಲ್ಲಿ ಕಂದು ಬಣ್ಣದ ಉಂಡೆಯೊಂದು ದೋಣಿಗೆ ತಾಗಿತು. ಅದು ಕಸವಲ್ಲ. ಒಂದಕ್ಕೊಂದು ಕಚ್ಚಿಕೊಂಡು ತೇಲುತ್ತಿದ್ದ ಕೆಂಪು ಇರುವೆಗಳ ಗೂಡು.

ಕ್ಷಣದಲ್ಲಿ ಅವು ಜೆನೋನ್‌ನ ಹುಟ್ಟಿನ ಮೇಲೆ ಹರಿದವು. ಮೊಣಕೈ ದಾಟಿದವು. ಅವನು ಚೀರಿ ತೋಳನ್ನು ನೀರಿಗೆ ಅದ್ದಿದ. ಅಜೆಲಿ ಒದ್ದೆ ಬಟ್ಟೆಯಿಂದ ಬಡಿದು ಬಡಿದು ಉದುರಿಸಿದಳು. ತೋಳೆಲ್ಲ ಬೊಬ್ಬೆ ಎದ್ದಿತು.

ಒವೀದ್ ನಗುತ್ತಿದ್ದ. “ಇರುವೆಗೂ ನಿನ್ನ ಕೈ ಗೊತ್ತಾಯ್ತು ನೋಡು ಭಾವ.”

“ಅಣ್ಣ, ಸಾಕು ಮಾಡು.”

“ಯಾಕೆ ಸಾಕು? ಇರುವೆಗಳು ಒಂದನ್ನೊಂದು ಬಿಡಲ್ಲ. ಇವನು ಬಿಟ್ಟ.”

ಬಿಟ್ಟದ್ದು ಒವೀದ್‌ನ ಹೆಂಡತಿ ಕ್ಲೆಮಾನ್ಸ್‌ಳನ್ನು. ನೀರು ಏರಿದಾಗ ಅವಳು ಒಂದು ಬಾಗಿಲನ್ನು ತಬ್ಬಿಕೊಂಡು ಇಗರ್ಜಿಯ ಪಕ್ಕದಲ್ಲೇ ತೇಲಿ ಬಂದಿದ್ದಳು. ಜೆನೋನ್ ಮಾಳಿಗೆಯ ಕಿಟಕಿಯಿಂದ ಹಗ್ಗ ಎಸೆದ. ಸೊಂಟಕ್ಕೆ ಸುತ್ತಿಕೋ ಎಂದು ಕೂಗಿದ. ಹಗ್ಗ ಅಲುಗಿತು. ಅವನು ಇದ್ದ ಬಲವನ್ನೆಲ್ಲ ಹಾಕಿ ಎಳೆದ. ಬಂದದ್ದು ಬರೀ ಹಗ್ಗ. ಸುತ್ತಿಕೊಳ್ಳಲು ಬಾಗಿಲನ್ನು ಬಿಟ್ಟಿದ್ದ ಕ್ಲೆಮಾನ್ಸ್ ಮತ್ತೆ ಕಾಣಲಿಲ್ಲ. ಪಕ್ಕದ ಕಿಟಕಿಯಲ್ಲಿ ಮುರಿದ ಪಕ್ಕೆಲುಬು ಹಿಡಿದುಕೊಂಡು ಒವೀದ್ ಎಲ್ಲವನ್ನೂ ನೋಡಿದ್ದ.

ಸತ್ತಮರದ ಕೆರೆ ಬಾಯೂವಿನ ತುದಿಯಲ್ಲಿ ಥಟ್ಟನೆ ಬಿಚ್ಚಿಕೊಂಡಿತು. ಅಗಲವಾದ ಕಪ್ಪು ನೀರು, ನಡುನಡುವೆ ಎಂದೋ ಒಣಗಿ ಬೆಳ್ಳಗಾದ ಬೊಡ್ಡೆಗಳು, ಗಾಳಿಯಿಲ್ಲದ ಬಿಸಿಲು. ಆ ಮೌನದಲ್ಲಿ ಅಲ್ಲೊಂದು ಇಲ್ಲೊಂದು ಬೆನ್ನು ಮೇಲೇಳುತ್ತಿತ್ತು. ಮುದುಕರು ಬಿಸಿ ಕಾಫಿ ಹೀರಿದಂಥ ಸದ್ದು, ಗುಳ್ಳೆ, ಮತ್ತೆ ಮೌನ.

“ಅಬ್ಬಾ!” ಎಂದ ಜೆನೋನ್. “ಇಡೀ ದಿಬ್ಬ ತಿಂದ್ರೂ ಮುಗಿಯಲ್ಲ.”

“ಮೊದಲು ಒಂದು ಹಿಡಿ.”

ಅವನು ಕೋಳಿಯ ಒಂದು ತೊಡೆಯನ್ನು ಕೊಕ್ಕೆಗೆ ಚುಚ್ಚಿ, ಬೆಂಡು ಕಟ್ಟಿ ಎಸೆದ. ಬಿಸಿಲು ನೆತ್ತಿಗೇರುವ ಮೊದಲೇ ಬೆಂಡು ಅಲುಗಿತು, ಓರೆಯಾಗಿ ಓಡಿತು. ಜೆನೋನ್ ಎದ್ದು ನಿಂತು ಬಲವಾಗಿ ಎಳೆದ.

ದಾರದುದ್ದಕ್ಕೂ ಕಲ್ಲಿಗೆ ಕಬ್ಬಿಣ ಉಜ್ಜಿದಂಥ ಕಂಪನ ಬಂತು. ಆಮೇಲೆ ಏನೂ ಇಲ್ಲ. ಕೊಕ್ಕೆ ಬೆತ್ತಲಾಗಿ ಮರಳಿತು.

“ಅಲುಗಿದ ಕೂಡಲೇ ಎಳೆಯೋದು!” ಒವೀದ್ ಹಲ್ಲು ಕಡಿದ. “ಹೆಂಗಸಾದ್ರೂ ಅಷ್ಟೇ, ಮೀನಾದ್ರೂ ಅಷ್ಟೇ. ಕೇಳಿಲ್ಲಿ. ಗಾರ್ ಬಾಯಿ ಪೂರ್ತಿ ಮೂಳೆ. ಸಿಕ್ಕಿದ್ದನ್ನ ಅಡ್ಡ ಕಚ್ಕೊಂಡು ಓಡುತ್ತೆ. ಆಗ ಎಳೆದ್ರೆ ಕೊಕ್ಕೆ ಜಾರುತ್ತೆ. ಓಡೋಕೆ ಬಿಡು. ದೂರ ಹೋಗಿ ನಿಲ್ಲುತ್ತೆ, ತಿಂಡೀನ ತಿರುಗಿಸ್ಕೊಂಡು ನುಂಗುತ್ತೆ. ಮತ್ತೆ ಓಡುತ್ತಲ್ಲ, ಎರಡನೇ ಓಟ, ಆಗ ಎಳಿ.”

ಜೆನೋನ್ ತಲೆಯಾಡಿಸಿದ. ಎರಡನೇ ತೊಡೆಯನ್ನು ಚುಚ್ಚಿದ. ಈ ಸಲ ಬೆಂಡು ಓಡಿದಾಗ ಅವನು ಎರಡೂ ಕೈಯನ್ನು ಮೇಲೆತ್ತಿ ದಾರ ತಾನಾಗಿ ಹೋಗಲು ಬಿಟ್ಟ. ಆದರೆ ಸುರುಳಿಯ ಒಂದು ಎಳೆ ದೋಣಿಯ ಮೊಳೆಗೆ ಸಿಕ್ಕಿತು. ಒಂದು ಸಣ್ಣ ಜಗ್ಗು, ಅಷ್ಟೇ. ಭಾರ ತಿಳಿದ ಮೀನು ತಿಂಡಿಯನ್ನು ಉಗುಳಿತು. ಉಗುಳಿದ್ದನ್ನು ಇನ್ನೊಂದು ಗಾರ್ ಕಿತ್ತುಕೊಂಡು ಹೋಯಿತು.

ಒವೀದ್ ದಾರವನ್ನು ಕಸಿದುಕೊಂಡ. ಮೊಳೆಯನ್ನು ಕೊಡಲಿಯ ಹಿಂಭಾಗದಿಂದ ಬಡಿದು ಒಳತಳ್ಳಿ, ದಾರವನ್ನು ಸಡಿಲ ಸುತ್ತುಗಳಲ್ಲಿ ಹಾಸಿದ. ಕೋಳಿಯ ಎದೆಯ ಅರ್ಧವನ್ನು ಹಾಕಿದ. ಎಲ್ಲವನ್ನೂ ತಾನು ಹೇಳಿದಂತೆಯೇ ಮಾಡಿದ: ಮೊದಲ ಓಟ, ನಿಲುಗಡೆ, ಎರಡನೇ ಓಟ, ಎಳೆತ. ದಾರ ಬಿಗಿಯಾಯಿತು. ಉದ್ದನೆಯ ಮೂತಿಯೊಂದು ನೀರಿನಿಂದ ಮೇಲೆದ್ದು, ಅತ್ತಿತ್ತ ಒದರಿ, ಮಾಂಸವನ್ನು ಅವರ ಮುಖದತ್ತಲೇ ಉಗುಳಿ ಮುಳುಗಿತು.

ಅಜೆಲಿ ಆ ಮಾಂಸವನ್ನು ಎತ್ತಿ ತಿರುಗಿಸಿ ನೋಡಿದಳು. ಒಂದು ತುದಿಯಲ್ಲಿ ಸಾಲು ಹಲ್ಲಿನ ಗುರುತು; ಕೊಕ್ಕೆಯಿದ್ದದ್ದು ಇನ್ನೊಂದು ತುದಿಯಲ್ಲಿ.

“ತುಂಡು ದೊಡ್ಡದು,” ಎಂದಳು. “ಗಂಟಲಿಗೆ ಇಳಿದೇ ಇಲ್ಲ. ಕೊಕ್ಕೆ ಹೊರಗೇ ಉಳೀತು. ಸಣ್ಣದು ಹಾಕಬೇಕು, ಎರಡೂ ತುದಿಗೆ ಕೊಕ್ಕೆ ಇರಬೇಕು. ಆಮೇಲೆ ಅಣ್ಣ, ಅಪ್ಪನ ಸಿಗಡಿ ಬಲೇಲಿ ಗಾರ್ ಸಿಕ್ಕೊಂಡ್ರೆ ಬಿಡಿಸೋಕೆ ಎಷ್ಟು ಒದ್ದಾಡ್ತಿದ್ದ, ನೆನಪಿದೆಯಾ? ಕೊಕ್ಕೆ ಇರ್ಲಿಲ್ಲ. ನೈಲಾನ್ ಎಳೆ ಹಲ್ಲಿಗೆ ಸುತ್ಕೊಂಡ್ರೆ ಸಾಕು, ಬಾಯಿ ತೆಗೆಯೋಕೇ ಆಗ್ತಿರ್ಲಿಲ್ಲ.”

“ಬಲೆ ಎಲ್ಲಿದೆ ಈಗ?”

ಅವಳು ದೋಣಿ ಕಟ್ಟುವ ನೈಲಾನ್ ಹಗ್ಗವನ್ನು ಎಳೆದುಕೊಂಡಳು. ಒವೀದ್‌ನ ಮುಖ ಬದಲಾಯಿತು. ಅದು ಇಗರ್ಜಿಯ ಕಿಟಕಿಯಿಂದ ಎಸೆದಿದ್ದ ಹಗ್ಗ.

“ಅದನ್ನ ಮುಟ್ಟಬೇಡ.”

“ಬೇರೆ ಇಲ್ಲ.”

“ಮುಟ್ಟಬೇಡ ಅಂದೆ, ಅಜೆಲಿ! ಅವಳ ಕೈ ಕೊನೇದಾಗಿ ಹಿಡಿದಿದ್ದು ಅದು.”

ಅಜೆಲಿ ಅಣ್ಣನ ಕಣ್ಣನ್ನೇ ನೋಡುತ್ತ ಚಾಕು ಹಾಕಿದಳು. ಗೇಣುದ್ದದ ತುಂಡನ್ನು ಕತ್ತರಿಸಿ, ಎಳೆ ಎಳೆಯಾಗಿ ಬಿಡಿಸಿ, ಕುದುರೆಯ ಬಾಲದಂತೆ ಹರಡಿದಳು. ಕೋಳಿಯ ಈಲಿ, ಹೃದಯ, ಒಂದು ಹಿಡಿ ಚರ್ಮ ಅದರೊಳಗೆ ಸೇರಿಸಿ ಕಟ್ಟಿದಳು. ಎರಡು ಕೊಕ್ಕೆ, ತಂತಿ. ಒವೀದ್ ಮುಖ ತಿರುಗಿಸಿ ಕೂತಿದ್ದ.

“ರಕ್ತ ಇರೋದು ಇದ್ರಲ್ಲೇ, ಇದೇ ಕೊನೇದು,” ಎಂದು ಗಂಡನ ಕೈಗೆ ಕೊಟ್ಟಳು.

ಬಿಸಿಲು ಇಳಿಮುಖವಾದಾಗ ಬೆಂಡು ಮುಳುಗಿತು. ಓಡಲಿಲ್ಲ, ಯಾರೋ ಕೈ ಹಾಕಿ ಎಳೆದುಕೊಂಡಂತೆ ನೇರ ಕೆಳಗೆ ಹೋಯಿತು. ಆಮೇಲೆ ದಾರ ಹೊರಟಿತು. ನಿಧಾನವಾಗಿ, ಭಾರವಾಗಿ, ಸುತ್ತಿನ ಮೇಲೆ ಸುತ್ತು.

ನಿಂತಿತು.

ಜೆನೋನ್ ಕಾದ. ಬೊಬ್ಬೆ ಎದ್ದ ತೋಳಿನ ಮೇಲೆ ನೊಣ ಕೂತರೂ ಅಲುಗಲಿಲ್ಲ.

“ಎಳಿ,” ಎಂದ ಒವೀದ್.

“ಇನ್ನೂ ಇಲ್ಲ.”

“ಬಿಟ್ಟು ಹೋಗಿದೆ ಕಣೋ! ಎಳಿ!”

“ನೀನೇ ಹೇಳಿದ್ದು. ಎರಡನೇ ಓಟ.”

ದಾರ ಸತ್ತಂತೆ ಬಿದ್ದಿತ್ತು. ಹಸಿವೋ, ಸಿಟ್ಟೋ, ಆ ಹಗ್ಗವೋ, ಒವೀದ್ ಒಮ್ಮೆಲೇ ಮುಂದಕ್ಕೆ ಹಾರಿ ಜೆನೋನ್‌ನ ಮುಂದಿನಿಂದ ದಾರವನ್ನು ಹಿಡಿದು ಅಂಗೈಗೆ ಸುತ್ತಿಕೊಂಡ.

ಆಗಲೇ ಮೀನು ಎರಡನೇ ಸಲ ಓಡಿತು.

ದಾರ ಚಟ್ಟನೆ ಬಿಗಿಯಿತು. ಒವೀದ್ ದೋಣಿಯ ಅಂಚಿಗೆ ಎದೆಯೊತ್ತಿ ಬಿದ್ದ. ದೋಣಿ ವಾಲಿತು. ಅವನ ಕಿರುಬೆರಳು, ಉಂಗುರದ ಬೆರಳು ಸುತ್ತಿನೊಳಗೆ ಸಿಕ್ಕಿ ನೀಲಿಯಾದವು.

“ಕತ್ತರ್ಸು! ಅಜೆಲಿ, ದಾರ ಕತ್ತರ್ಸು!”

ಚಾಕು ಅವಳ ಕೈಯಲ್ಲೇ ಇತ್ತು. ಅವಳು ದಾರ ನೋಡಿದಳು. ದೂರದಲ್ಲಿ ದೋಣಿಯಷ್ಟೇ ಉದ್ದದ ಬೆನ್ನೊಂದು ನೀರನ್ನು ಸೀಳುತ್ತಿತ್ತು. ಬಾಯಿ ತೆಗೆಯಲಾಗದೆ ಮೂತಿಯನ್ನು ಬಡಿಯುತ್ತಿತ್ತು.

“ಅಜೆಲಿ! ಅಮ್ಮಾ! ನಿನ್ನ ಕಾಲಿಗೆ ಬೀಳ್ತೀನಿ!”

ಅವಳು ಚಾಕುವನ್ನು ತನ್ನ ಕಾಲಡಿಗೆ ಹಾಕಿ ತುಳಿದು ನಿಂತಳು.

ಜೆನೋನ್ ಹೆಂಡತಿಯ ಮುಖವನ್ನು ಒಮ್ಮೆ ನೋಡಿ ಹುಟ್ಟು ಎತ್ತಿಕೊಂಡ. ಮೀನಿನ ಕಡೆಗೇ ಹುಟ್ಟು ಹಾಕಿದ, ದಾರ ಸಡಿಲವಾಗಲೆಂದು. ಬೊಬ್ಬೆಗಳು ಒಡೆದು ತೋಳು ಒದ್ದೆಯಾಯಿತು. ಒಂದು ಮಾರು ಸಡಿಲ ಸಿಕ್ಕಿತು. ಅವನು ಬಾಗಿ ಸುತ್ತನ್ನು ಬಿಡಿಸಲು ಬೆರಳು ತೂರಿಸಿದ. ಮೀನು ಬೊಡ್ಡೆಯೊಂದನ್ನು ಬಳಸಿ ಮತ್ತೆ ಎಳೆಯಿತು. ಒವೀದ್ ಕೂಗಿದ ಕೂಗಿಗೆ ಕೆರೆಯ ಹಕ್ಕಿಗಳೆಲ್ಲ ಎದ್ದವು. ಎರಡನೇ ಸಲ ಸಡಿಲವಾದಾಗ ಕೈ ಹೊರಬಂತು. ಎರಡು ಬೆರಳು ಬರಲಿಲ್ಲ.

ಅಜೆಲಿ ದಾರವನ್ನು ದೋಣಿಯ ಮೂತಿಗೆ ಬಿಗಿದಳು. ಮೂಗಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅಣ್ಣನ ಕೈಗೆ ಸುತ್ತಿದಳು. ಗಾರ್ ಅವರನ್ನು ಕೆರೆಯಿಡೀ ಎಳೆದಾಡಿಸಿತು. ಕೊನೆಗೆ ಗಾಳಿ ಕುಡಿಯಲು ಬಾಯಿ ತೆರೆಯಲಾಗದೆ ಅದರ ಬಲ ಕುಂದಿತು. ಪಕ್ಕಕ್ಕೆ ಬಂದಾಗ ಜೆನೋನ್ ಕೊಡಲಿಯ ಹಿಂಭಾಗದಿಂದ ತಲೆಗೆ ಹೊಡೆದ. ಅದು ಸಾಯಲು ಬಹಳ ಹೊಡೆತ ಬೇಕಾಯಿತು.

ದೋಣಿಗೆ ಎತ್ತಲಾಗುವ ಮೀನಲ್ಲ. ಕಿವಿರಿಗೆ ಹಗ್ಗ ಪೋಣಿಸಿ ಎಳೆದುಕೊಂಡು ಹೊರಟರು. ರಕ್ತದ ಜಾಡು ಹಿಡಿದು ಮೊಸಳೆಗಳು ಬಂದವು.

“ಹಿಂದೆ ಎರಡು!” ಅಜೆಲಿ ಕೋಲು ಬೀಸಿದಳು.

ಒಂದು ಮೊಸಳೆ ಮೀನಿನ ಬಾಲಕ್ಕೆ ಬಾಯಿ ಹಾಕಿ ಗಿರ್ರನೆ ಸುತ್ತಿತು. ದೋಣಿಗೆ ನೀರು ನುಗ್ಗಿತು. ಬಿಳಿಚಿ ಮಲಗಿದ್ದ ಒವೀದ್ ಎದ್ದು, ಎಡಗೈಯಲ್ಲಿ ಕೊಡಲಿ ಹಿಡಿದು, ಮೊಸಳೆಯ ಕಣ್ಣಿಗೆ ಅಲ್ಲ, ಮೀನಿನ ಬಾಲದ ಬುಡಕ್ಕೇ ಹೊಡೆದ. ಮೂರು ಏಟಿಗೆ ಬಾಲ ಕಳಚಿತು.

“ಅಷ್ಟು ತಗೊಂಡು ಸಾಯಿ!” ಎಂದ. “ಹುಟ್ಟು ಹಾಕೋ ಭಾವ, ನೋಡ್ತಾ ಕೂರಬೇಡ!”

ಮೊಸಳೆಗಳು ಬಾಲಕ್ಕೆ ಕಚ್ಚಾಡುತ್ತ ಹಿಂದುಳಿದವು.

ದಿಬ್ಬ ಮುಟ್ಟಿದಾಗ ಇನ್ನೂ ಬೆಳಕಿತ್ತು. ಜನ ನೀರಿಗಿಳಿದು ಮೀನನ್ನು ಎಳೆದರು. ಕವಚವನ್ನು ಕೊಡಲಿಯಿಂದ ಬಡಿದು ಬಿಚ್ಚಬೇಕಾಯಿತು. ಹೊಟ್ಟೆಯಲ್ಲಿ ಒಂದು ಬೋಗುಣಿ ತುಂಬುವಷ್ಟು ಹಸಿರು ಮೊಟ್ಟೆ. ಅದನ್ನು ಕಂಡು ಒಂದು ಹುಡುಗಿ ಕೈ ಚಾಚಿದಳು. ಅಜೆಲಿ ಫಟ್ಟನೆ ಕೈಗೆ ಹೊಡೆದಳು.

“ವಿಷ ಅದು! ನಾಲಿಗೆಗೆ ಮುಟ್ಟಿಸಿದ್ರೆ ಸಾಯ್ತೀಯ!”

ಹಸಿದ ಮಕ್ಕಳ ಕಣ್ಣೆದುರೇ ಅಷ್ಟನ್ನೂ ಗುಂಡಿ ತೋಡಿ ಹೂತರು. ಹುಡುಗಿ ಆ ಗುಂಡಿಯ ಪಕ್ಕದಲ್ಲೇ ಕೂತು ಅಳುತ್ತಿದ್ದಳು.

ಬಿಳಿ ಮಾಂಸವನ್ನು ಕೆರೆದು, ಉಳಿದ ಅಕ್ಕಿಯ ಜೊತೆ ಕಡಾಯಿಯಲ್ಲಿ ಬೇಯಿಸಿದರು. ಅದೇ ಬೆಂಕಿಯಲ್ಲಿ ಅಜೆಲಿ ಚಾಕು ಕಾಯಿಸಿದಳು. ಒವೀದ್ ಹಲ್ಲಿನ ನಡುವೆ ಕಟ್ಟಿಗೆ ಕಚ್ಚಿಕೊಂಡು ಕೈ ಚಾಚಿದ. ಗಾಯ ಸುಟ್ಟಾಗ ಸದ್ದು ಮಾಡಲಿಲ್ಲ. ಕಟ್ಟಿಗೆ ಉಗುಳಿ ಕೇಳಿದ:

“ಚಾಕು ನಿನ್ನ ಕೈಲೇ ಇತ್ತು.”

“ಇತ್ತು.”

“ನಾನು ಕೇಳ್ಕೊಂಡೆ.”

“ಕೇಳ್ಕೊಂಡೆ ಅಣ್ಣ. ಕೇಳಿಸ್ತು.” ಅವಳು ಬಟ್ಟೆಯ ಗಂಟನ್ನು ಬಿಗಿದಳು. ಗಂಟು ಎರಡು ಸಲ ಬಿಚ್ಚಿಹೋಯಿತು.

ಇಗರ್ಜಿಯೊಳಗೆ ನಲವತ್ತು ಜನ ತಿನ್ನುತ್ತಿದ್ದರು. ತಟ್ಟೆ ಕೆರೆಯುವ ಸದ್ದಷ್ಟೇ. ಜೆನೋನ್ ಒಂದು ತಟ್ಟೆ ತಂದು ಒವೀದ್‌ನ ತೊಡೆಯ ಮೇಲಿಟ್ಟು, ಅದು ಜಾರದಂತೆ ಅಂಚನ್ನು ಹಿಡಿದು ಕೂತ. ಒವೀದ್ ಎಡಗೈಯಲ್ಲಿ ಒಂದು ತುತ್ತು ಬಾಯಿಗಿಟ್ಟ. ಅಗಿದ. ಮುಖ ಕಿವುಚಿದ.

“ಸಮುದ್ರಾನೇ ಮನೆಯೊಳಗೆ ಬಂದು ಹೋಯ್ತು,” ಎಂದ. “ಹೋಗ್ತಾ ಒಂದು ಚಿಟಿಕೆ ಉಪ್ಪು ಬಿಟ್ಟು ಹೋಗಬಾರದಿತ್ತಾ?”

ಮೊದಲು ನಕ್ಕವಳು ಯೂಫ್ರೋಸಿನ್ ಅಜ್ಜಿ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ಕೆಲವರಿಗೆ ಆ ನಗು ಅಳುವಾಗಿ ಮುಗಿಯಿತು. ಜೆನೋನ್ ನಗಲಿಲ್ಲ. ತಟ್ಟೆಯ ಅಂಚನ್ನು ಬಿಡದೆ ಹಿಡಿದುಕೊಂಡಿದ್ದ.

“ಮೀನಿನ ಕರುಳು ಎತ್ತಿಟ್ಟಿದ್ದೀರಾ?” ಒವೀದ್ ಬಾಯಿ ತುಂಬಿಕೊಂಡೇ ಕೇಳಿದ.

“ಎತ್ತಿಟ್ಟಿದ್ದೀನಿ,” ಎಂದ ಜೆನೋನ್.

“ಸಣ್ಣ ಸಣ್ಣ ತುಂಡು ಮಾಡು. ನಾಳೆ ದಾರ ನಿನ್ನದು.” ಅವನು ತಟ್ಟೆಯನ್ನು ಜೆನೋನ್‌ನತ್ತ ತಳ್ಳಿದ. “ಇನ್ನೊಂದು ಸೌಟು ಹಾಕಿಸ್ಕೊಂಡು ಬಾ. ಅಜೆಲಿಗೂ ತಗೊಂಡು ಬಾ, ಇನ್ನೂ ತಿಂದಿಲ್ಲ.”