ಜೋರು ಗಂಟಲಿನ ಪ್ರಾಣಿ

"ಇದೇನೋ ಇದು? ಕುರಿಗೆ ಛತ್ರಿ ಹಿಡಿಸಿದ್ದೀಯಾ?"

ಗೂಬೆ ತನ್ನ ಜೇಡಿಮಣ್ಣಿನ ಪ್ರಾಣಿಗೆ ಅಂಗೈ ಮರೆ ಮಾಡಿದ. ದಪ್ಪ ಕನ್ನಡಕದಿಂದಾಗಿ ಅವನಿಗೆ ಆ ಹೆಸರು. ಕೇಳಿದವಳು ಮೆಣಸಿನಕಾಯಿ. ಅವಳಿಗೆ ಆ ಹೆಸರು ಯಾಕೆ ಬಂತೆಂದು ಇಡೀ ಕ್ಲಾಸಿಗೆ ಗೊತ್ತಿತ್ತು.

"ಛತ್ರಿ ಅಲ್ವೇ, ಕಿವಿ. ಇದಿರೋದು ಮರಳುಗಾಡಲ್ಲಿ. ತನ್ನ ಕಿವಿ ನೆರಳಲ್ಲೇ ನಿಲ್ಲುತ್ತೆ."

"ಅಯ್ಯೋ ಪಾಪ! ಗಾಳಿ ಬಂದ್ರೆ ಕಿವಿ ಸಮೇತ ಹಾರ್ಹೋಗುತ್ತೆ. ನಂದು ನೋಡು!"

ಎಲ್ಲೂ ಇಲ್ಲದ ಒಂದು ಪ್ರಾಣಿ ಮಾಡಿ ತನ್ನಿ, ಅದರ ಮೈ ಅದಿರುವ ಜಾಗಕ್ಕೆ ಹೊಂದಬೇಕು ಎಂದಿದ್ದರು ವಿಜ್ಞಾನದ ಮಿಸ್. ಚೆನ್ನಾಗಿದ್ದರೆ ಶಾಲೆಯ ಗಾಜಿನ ಬೀರುವಿನಲ್ಲಿ ಜಾಗ. ಮೆಣಸಿನಕಾಯಿಯ ಪ್ರಾಣಿಗೆ ರೆಕ್ಕೆ, ಕೊಂಬು, ಚಿಪ್ಪು, ಮೊಸಳೆಯ ಬಾಲ ಎಲ್ಲವೂ ಇದ್ದವು. ಬೀರು ತನ್ನದೇ ಎಂದುಕೊಂಡಿದ್ದಳು.

ಮಿಸ್ ಅದನ್ನು ಮೇಜಿನ ಮೇಲೆ ನಿಲ್ಲಿಸಿದರು. ಅದು ನಿಲ್ಲಲಿಲ್ಲ. ಮುಂಗಾಲು ಮಡಚಿಕೊಂಡಿತು, ಹಿಂಗಾಲು ಚಪ್ಪಟೆಯಾಯಿತು, ಕೊನೆಗೆ ಸೆಗಣಿ ಮುದ್ದೆಯ ಹಾಗೆ ಕೂತೇಬಿಟ್ಟಿತು.

"ಎಲ್ಲಿರುತ್ತಮ್ಮಾ ಇದು?"

"ಎಲ್ಲಾ ಕಡೆ, ಮಿಸ್."

"ಅದಕ್ಕೇ ಎಲ್ಲೂ ನಿಲ್ತಿಲ್ಲ. ನಿನಗೆ ಚೆನ್ನಾಗಿ ಗೊತ್ತಿರೋ ಒಂದು ಜಾಗ ಹಿಡ್ಕೊ. ನಾಳೆ ಬೇರೆ ಮಾಡಿ ತಾ."

ಎಲ್ಲರೂ ನಕ್ಕರು. ಗೂಬೆ ಮಾತ್ರ ನಗಲಿಲ್ಲ. ಅವಳಿಗೆ ಅದೇ ಹೆಚ್ಚು ಉರಿಯಿತು.

ಊಟದ ಬೆಲ್ ಹೊಡೆಯಿತು. ಅಷ್ಟರಲ್ಲಿ ಗೇಟಿನಿಂದ ಕೂಗು. "ಪುಟ್ಟೀ! ಡಬ್ಬಿ ಮರೆತು ಬಂದಿದ್ದೀಯಲ್ಲೇ!"

ಮಾಡಿನ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು. ಮೆಣಸಿನಕಾಯಿಯ ಅಪ್ಪ ಹಿಟ್ಟಿನ ಗಿರಣಿಯಿಂದ ನೆಟ್ಟಗೆ ಬಂದಿದ್ದರು. ರೆಪ್ಪೆಯೆಲ್ಲ ಬೆಳ್ಳಗೆ.

"ನಿಮ್ಮಪ್ಪ ಮೈಕ್ ನುಂಗಿದ್ದಾರೇನೇ?" ಹಿಂದಿನಿಂದ ಯಾರೋ ಕಿಸಕ್ಕೆಂದರು.

ಅವಳು ಓಡಿಹೋಗಿ ಡಬ್ಬಿ ಕಿತ್ತುಕೊಂಡು, "ಇನ್ಮೇಲೆ ಇಲ್ಲಿಗೆ ಬರಬೇಡ. ಬಂದ್ರೂ ಬಾಯಿ ಬಿಡಬೇಡ," ಎಂದು ಹಲ್ಲು ಕಚ್ಚಿ ಹೇಳಿದಳು.

"ಆಂ?" ಅಪ್ಪ ಕಿವಿಗೆ ಕೈ ಒಡ್ಡಿದರು.

"ಏನಿಲ್ಲ. ಹೋಗು."

ಸಂಜೆ ಅಮ್ಮ ಟೀ ಕೊಟ್ಟು ಗಿರಣಿಗೆ ಕಳಿಸಿದಳು. ಮೆಣಸಿನಕಾಯಿ ಮೂತಿ ಊದಿಸಿಕೊಂಡೇ ಹೋದಳು. ಒಳಗೆ ಕಲ್ಲು ಗರಗರ, ಬೆಲ್ಟು ಪಟಪಟ. ಗಾಳಿಯೆಲ್ಲ ಹಿಟ್ಟು.

"ಅಪ್ಪಾ, ಟೀ."

ಕೇಳಿಸಲಿಲ್ಲ. ಇನ್ನೊಮ್ಮೆ ಕರೆದಳು. ಊಹೂಂ.

"ಅಪ್ಪಾಆ!"

ಅಪ್ಪ ತಿರುಗಿ ನಕ್ಕರು. ತನ್ನ ಗಂಟಲು ತನಗೇ ಗುರುತು ಸಿಗದೆ ಅವಳು ಅಲ್ಲೇ ನಿಂತಳು. ಗೋಧಿ ತಂದಿದ್ದ ಅಜ್ಜಿಯೊಬ್ಬಳು, "ಸಣ್ಣಗೆ ಬೀಸಪ್ಪೋ!" ಎಂದು ಕಿರುಚುತ್ತಿದ್ದಳು. "ಆಯ್ತು ಕಣಮ್ಮೋ!" ಎಂದು ಅಪ್ಪ ಅದಕ್ಕಿಂತ ಜೋರಾಗಿ ಅಂದರು. ಅದು ಜಗಳವಲ್ಲ. ಅಲ್ಲಿ ಮಾತೆಂದರೆ ಅದೇ.

ಅವಳು ಮೂಟೆಯ ಮೇಲೆ ಕೂತು ನೋಡಿದಳು. ಟೀ ಕುಡಿಯುತ್ತಿದ್ದರೂ ಅಪ್ಪನ ಒಂದು ಕೈ ಯಂತ್ರದ ಮೇಲೇ ಇತ್ತು. ಕಾಳು ಮುಗಿಯುವ ಮುಂಚೆಯೇ ಯಂತ್ರದ ನಡುಕದಿಂದ ಆ ಕೈಗೆ ತಿಳಿಯುತ್ತಿತ್ತು.

ಮರುದಿನ ಹೊಸ ಪ್ರಾಣಿಯನ್ನು ಜೋಪಾನವಾಗಿ ಹೊತ್ತು ತರುವ ಗಡಿಬಿಡಿಯಲ್ಲಿ ಡಬ್ಬಿ ಮತ್ತೆ ಮನೆಯಲ್ಲೇ ಉಳಿಯಿತು. ರೆಕ್ಕೆಯಿಲ್ಲ, ಕೊಂಬಿಲ್ಲ. ಪೊರಕೆಯಂಥ ರೆಪ್ಪೆ, ಮುಚ್ಚಿಕೊಳ್ಳುವ ಕಿವಿ, ಅಗಲ ಪಾದ, ಮಡಕೆಯಷ್ಟು ಬಾಯಿ. ಮೇಜಿನ ಮೇಲೆ ಗಟ್ಟಿಯಾಗಿ ನಿಂತಿತು.

"ಇಷ್ಟು ದೊಡ್ಡ ಬಾಯಾ? ನಿನ್ ಥರ ಜಗಳಗಂಟಿನಾ?" ಕೊನೇ ಬೆಂಚು ಕೇಳಿತು.

"ಅಲ್ಲ. ಇದಿರೋದು ಗಿರಣಿ ಒಳಗೆ. ಬಹಳ ಹಿಂದೆ ಮೆತ್ತಗೆ ಕೂಗೋ ಮರಿಗಳೂ ಇದ್ವು. ಆ ಸದ್ದಲ್ಲಿ ಅವು ಕೂಗಿದ್ದು ತಾಯಿಗೆ ಕೇಳಿಸ್ಲಿಲ್ಲ, ಹಾಲು ಸಿಗ್ಲಿಲ್ಲ. ಜೋರಾಗಿ ಕೂಗಿದವು ಉಳ್ಕೊಂಡ್ವು. ಅವುಗಳ ಮರಿ, ಮರಿಗಳ ಮರಿ ಹೀಗಾದ್ವು."

"ಪಾದ?" ಗೂಬೆ ಕೇಳಿದ.

"ಕಿವಿ ಮುಚ್ಚಿದಾಗ ನೆಲದ ನಡುಕದಿಂದಲೇ ಎಲ್ಲಾ ತಿಳ್ಕೊಳುತ್ತೆ. ನಿನ್ ಛತ್ರಿ ಕಿವಿಯಷ್ಟೇ ಉಪಯೋಗಕ್ಕೆ ಬರುತ್ತೆ, ಬಿಡು."

ಮಿಸ್ ಬೀರುವಿನ ಬೀಗ ತೆಗೆದು ಅದನ್ನು ಆಗಲೇ ಅಲ್ಲಿದ್ದ ಗೂಬೆಯ ಪ್ರಾಣಿಯ ಪಕ್ಕ ಇಟ್ಟರು.

ಆಗಲೇ ಹೊರಗಿನಿಂದ, "ಪುಟ್ಟೀ! ಡಬ್ಬೀ!"

ಕೊನೇ ಬೆಂಚು ಕಿಸಕ್ಕೆಂದಿತು. ಮೆಣಸಿನಕಾಯಿ ಎದ್ದು ಕಿಟಕಿಯ ಸರಳು ಹಿಡಿದಳು.

"ಬಂದೇ ಅಪ್ಪಾಆ!"

ಬೀರುವಿನ ಗಾಜು ಝಣ್ಣೆಂದಿತು. ಗೇಟಿನ ಹತ್ತಿರ ಅಪ್ಪ ಈ ಸಲ "ಆಂ?" ಎನ್ನಲಿಲ್ಲ.